ಕರಿಬೇವಿನ ಪಾಲಿನ ಮೊಸರು

ದರ್ಬೆಯಲ್ಲಿ ನನ್ನ ಭಾವಮೈದುನನದ್ದು ಹಾಲು ಮೊಸರಿನ ಅಂಗಡಿ. ಅವಧಿ ಮುಗಿದ ಮೊಸರಿನ ಪ್ಯಾಕೆಟುಗಳನ್ನು ಅವನು ಎಸೆಯುತ್ತಿರಲಿಲ್ಲ. ಫ್ರಿಜ್ಜಿನ ತಳದಲ್ಲಿ ಒಂದು ಬಕೆಟಿಗೆ ಹಾಕಿಡುತ್ತಿದ್ದ. ಆಸುಪಾಸಿನವರು ಕರಿಬೇವಿನ ಬುಡಕ್ಕೆ ಹೊಯ್ಯಲು ಅದನ್ನು ಪುಕ್ಕಟೆ ಒಯ್ಯುತ್ತಿದ್ದರು. ಹುಳಿ ಮಜ್ಜಿಗೆಯಿಂದ ಕರಿಬೇವು ಚಿಗುರುತ್ತದೆ ಎಂಬುದನ್ನು ನಾನು ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಕಲಿತದ್ದರಲ್ಲಿ ಉಳಿದದ್ದು ಈ ಅಪನಂಬಿಕೆಯೊಂದೇ.

ಕಳೆದ ಬೇಸಗೆಯಲ್ಲಿ ನಾನು ಅಲ್ಲಿ ಲಸ್ಸಿ ಕುಡಿಯುತ್ತಿದ್ದಾಗ ಆಹಾರ ಸುರಕ್ಷತಾ ಅಧಿಕಾರಿ ಬಂದರು. ಲಸ್ಸಿಯೋ ಮಜ್ಜಿಗೆಯೋ, ಈಗ ಆಣೆ ಮಾಡಿ ಹೇಳಲಾರೆ. ಬಕೆಟ್ ಹೊರಬಂತು. ಕೆಲವು ಪ್ಯಾಕೆಟುಗಳು ತಲೆದಿಂಬಿನ ಹಾಗೆ ಉಬ್ಬಿದ್ದವು.

"ಇದೆಂತ ಮಾರಾಯ್ರೆ?" ಎಂದರು ಅಧಿಕಾರಿ.

"ಮಾರ್ಲಿಕ್ಕೆ ಅಲ್ಲ ಸರ್. ಕರಿಬೇವಿಗೆ."

"ಕರಿಬೇವು ನಿಮ್ಮ ಗಿರಾಕಿಯಾ?"

ಹಾಲಿಗೆ ಬಂದವರೆಲ್ಲ ನಕ್ಕರು. ಅವನು ನಗಲಿಲ್ಲ. ಹಳಸಿದ್ದು ಮಾರುವವನೆಂದು ಒಮ್ಮೆ ಹೆಸರು ಬಂದರೆ ಅಂಗಡಿ ಮುಚ್ಚಿದ ಹಾಗೆಯೇ.

"ನೀವಾದ್ರೂ ಹೇಳಿ ಭಾವ," ಎಂದ ನನಗೆ. ಹೇಳಿದೆ. ನೆಂಟನ ಸಾಕ್ಷಿ ಯಾರಿಗೆ ಬೇಕು? ಮಾರಾಟದ ಫ್ರಿಜ್ಜಿನಲ್ಲಿದ್ದದ್ದು ಮಾರಾಟಕ್ಕೇ ಎಂದು ಅಧಿಕಾರಿ ಮಹಜರು ಬರೆಯತೊಡಗಿದರು.

ಆಗ ಹಿಂದಿನ ಓಣಿಯ ಅಜ್ಜಿಯೊಬ್ಬರು ಹಳೆಯ ಪೈಂಟಿನ ಡಬ್ಬ ಹಿಡಿದು ಬಂದರು. "ನಂದು ತೆಗೆದಿಟ್ಟಿದ್ದೀಯಾ? ಹೋದ ಸಲದ್ದು ಹುಳಿಯೇ ಇರ್ಲಿಲ್ಲ ಮಾರಾಯ!"

ಅಧಿಕಾರಿ ಡಬ್ಬವನ್ನು ನೋಡಿದರು. "ಊಟಕ್ಕಾ ಅಮ್ಮಾ?"

"ನಿಮಗೆಂತ ಮರ್ಲಾ? ಗಿಡಕ್ಕೆ!"

ಅಷ್ಟು ಹೊತ್ತಿಗೆ ನಾನು ಬಸ್ಸು ಹತ್ತಿಯಾಗಿತ್ತು ಎನ್ನುತ್ತಾನೆ ಭಾವಮೈದುನ. ಇರಬಹುದು. ಆದರೆ ಡಬ್ಬದ ಅಂಚಿನಲ್ಲಿ ಒಣಗಿದ್ದ ನೀಲಿ ಬಣ್ಣ ನನಗೆ ಈಗಲೂ ಕಾಣುತ್ತದೆ. ಕೇಳಿದ್ದನ್ನೇ ಕಂಡದ್ದೆಂದು ಇಟ್ಟುಕೊಂಡಿದ್ದೇನೋ ಏನೋ.

ಬಕೆಟ್ ಜಪ್ತಿಯಾಯಿತು, ಮೊಸರಿಗೆ ಫಿನಾಯಿಲ್ ಸುರಿದು ಹಿತ್ತಿಲ ಗುಂಡಿಗೆ ಹಾಕಿಸಿದರು. ಅಂಗಡಿಗೆ ಬೀಗ ಬೀಳಲಿಲ್ಲ, ಬರೀ ನೋಟಿಸು. ಇನ್ನು ಮುಂದೆ ಇಂಥದ್ದನ್ನು ಬೇರೆಯೇ ಇಡಬೇಕು, ಮಾರಾಟಕ್ಕಲ್ಲ ಎಂದು ಚೀಟಿ ಅಂಟಿಸಬೇಕು.

"ಹಾಗಾದ್ರೆ ನನ್ನ ಗಿಡಕ್ಕೆ?" ಅಜ್ಜಿ ಕದಲಲಿಲ್ಲ.

ಬದುಕಿದೆನೆಂಬ ಖುಷಿಯಲ್ಲಿ ಭಾವಮೈದುನ ಅಂದಿನ ತಾಜಾ ಪ್ಯಾಕೆಟನ್ನೇ ಕತ್ತರಿಸಿ, ಅಧಿಕಾರಿಯ ಎದುರೇ ಪೈಂಟಿನ ಡಬ್ಬಕ್ಕೆ ಸುರಿದ.

ಅಜ್ಜಿ ಮೂಸಿ ನೋಡಿ ಮುಖ ಸಿಂಡರಿಸಿದರು. "ಇದು ಸಿಹಿ ಉಂಟಲ್ಲ! ಇದನ್ನು ಯಾರು ತೆಗೊಳ್ತಾರೆ?"