ಹಿತ್ತಿಲ ಗೂಡಿನ ಚೀನಾ ಬಟ್ಟಲು

ಅವಲಪಲ್ಲಿಯ ತಮ್ಮನ ಮನೆಗೆ ನಿನ್ನೆ ಹಳೆಯ ಪಿಂಗಾಣಿಗೆ ಬೆಲೆ ಕಟ್ಟುವವರೊಬ್ಬರು ಬಂದಿದ್ದರು. ನಮ್ಮ ಅಜ್ಜಿಯ ಕಾಲದ ನೀಲಿ ಹೂವಿನ ಚೀನಾ ಬಟ್ಟಲನ್ನು ಮಗುಚಿ, ಬುಡದ ಒರಟು ಅಂಚನ್ನು ಸವರಿ, ಉಗುರಿನಿಂದ ಮೆಲ್ಲಗೆ ತಟ್ಟಿದರು. ಗಂಟೆಯಂಥ ದನಿ ಬಂತು.

ಆ ದನಿ ನನ್ನನ್ನು ರಾಯಕೋಟೆಯ ಮನೆಯ ಹಿತ್ತಿಲಿಗೆ ಎಳೆದೊಯ್ದಿತು. ಕಂಚು, ತಾಮ್ರವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಮಡಿ, ಪಿಂಗಾಣಿಗೆ ತಾಕಿದ ಎಂಜಲು ಮಾತ್ರ ಹೋಗುವುದಿಲ್ಲ ಎಂದು ಅಜ್ಜಿ ನಂಬಿದ್ದರು. ಹಾಗಾಗಿ ಯಾರೋ ರಂಗೂನಿನಿಂದ ತಂದ ಆ ಬಟ್ಟಲು ಮನೆಯೊಳಗೆ ಬರಲೇ ಇಲ್ಲ. ಕೊಟ್ಟಿಗೆ ಗುಡಿಸುವ ಮುನಿಯಮ್ಮನಿಗೆಂದು ಹಿತ್ತಿಲ ಗೋಡೆಯ ಗೂಡಿನಲ್ಲಿ ಇತ್ತು. ಆಕೆ ಎರಡೂ ಕೈಯಲ್ಲಿ ಹಿಡಿದರೆ, ಅಜ್ಜಿ ತಾಕದಂತೆ ಮೇಲಿನಿಂದ ಮಜ್ಜಿಗೆ ಸುರಿಯುತ್ತಿದ್ದರು.

“ಒಡೆದ್ಬಿಟ್ಟೀಯೆ, ಜೋಪಾನ.”

“ಒಡದ್ರೆ ನನ್ಗೇ ಅಲ್ವಾ ತಾಯಿ ಇಲ್ದಂಗಾಗೋದು. ನೀವೇನು ಇದ್ರಾಗೆ ಕುಡೀತೀರಾ?”

ಕುಡಿದು, ತೊಳೆದು, ಸೆರಗಿನಿಂದ ಒರೆಸಿ, ಗೂಡಿನಲ್ಲಿ ಬೋರಲು ಹಾಕಿ ಹೋಗುತ್ತಿದ್ದಳು.

“ಒಂದು ಬಿರುಕಿಲ್ಲ, ಅಂಚು ಮುಕ್ಕಾಗಿಲ್ಲ. ಇದರ ಬೆಲೆ ಇರೋದೇ ಅದ್ರಲ್ಲಿ,” ಎಂದರು ಬಂದವರು. “ಯಾರು ಇಷ್ಟು ಚೆನ್ನಾಗಿ ಕಾಪಾಡಿದ್ದು?”

“ನಮ್ಮ ಮನೆಯೋರೇ ಸಾರ್. ಆಗಿನೋರ ಅಭಿರುಚಿನೇ ಬೇರೆ,” ಎಂದ ತಮ್ಮ.

ನನಗೆ ಮೈ ಉರಿಯಿತು. “ನಮ್ಮೋರು ಯಾರೂ ಇದನ್ನ ಮುಟ್ತಾನೇ ಇರ್ಲಿಲ್ಲ ಕಣೋ,” ಎಂದು ಮುನಿಯಮ್ಮನ ವಿಷಯ ಹೇಳಿದೆ.

“ಈಗ್ಯಾಕಣ್ಣ ಅದೆಲ್ಲ?” ಎಂದ.

ಬಂದವರು ಬಟ್ಟಲನ್ನು ಕೆಳಗಿಟ್ಟು ಕೇಳಿದರು: “ಆಕೆಯ ಮಕ್ಕಳು ಮರಿ ಎಲ್ಲಿದ್ದಾರೆ?”

ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.