ಟೇಪಿನ ಕೊನೆಯಲ್ಲಿ ಉಳಿದವಳು

ನಾನು ಸರಕಾರಿ ಟಿವಿ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ್ದು ಜನಸೇವೆಗಲ್ಲ, ಸೇಡಿಗೆ. ನಿವೃತ್ತಿ ಹತ್ತಿರ ಬಂದಿದೆ, ಇನ್ನು ಮುಚ್ಚಿಡುವುದೇನಿದೆ. ಸಂದರ್ಶನದ ದಿನ ಮೇಜಿನಾಚೆ ಕೂತಿದ್ದ ಸಾಹೇಬರು, ಟಿವಿಗೇ ಯಾಕಮ್ಮ ಬರಬೇಕು ಅನ್ನಿಸಿತು ಅಂತ ಕೇಳಿದರು. ಹಳ್ಳಿಹಳ್ಳಿಗೆ ಜ್ಞಾನ ತಲುಪಿಸಬೇಕು ಸಾರ್ ಅಂತ ಬಾಯಿಪಾಠ ಒಪ್ಪಿಸಿದೆ. ಮನಸ್ಸಿನಲ್ಲಿ ಇದ್ದದ್ದು ಒಂದೇ ಪ್ರಶ್ನೆ. ನಮ್ಮವ್ವನ ಹಾಡನ್ನು ನುಂಗಿದವರು ಯಾರು?

ಮಾನ್ವಿಯಲ್ಲಿ ನಮ್ಮ ಕೇರಿಯ ಎದುರಿಗೇ ಸಾವ್ಕಾರರ ಅಕ್ಕಿ ಮಿಲ್ಲು. ಮಿಲ್ಲಿಗೆ ಅಂಟಿಕೊಂಡೇ ಅವರ ಮನೆ. ಅವ್ವ ಆ ಮಿಲ್ಲಿನಲ್ಲಿ ಅಕ್ಕಿ ಕೇರುವ ಕೆಲಸಕ್ಕಿದ್ದಳು. ಮೊರ ಕೈಗೆ ಬಂದರೆ ಹಾಡು ಬಾಯಿಗೆ ಬರುತ್ತಿತ್ತು. ಯಂತ್ರದ ಗದ್ದಲದ ಮೇಲೆ ದನಿ ಏರಿಸಿ ಏರಿಸಿ, ಅವಳು ಮೆಲ್ಲಗೆ ಹಾಡಿದರೂ ರಸ್ತೆಯಲ್ಲಿ ಹೋಗುವವರು ನಿಂತು ಕೇಳುವಂತಾಗಿತ್ತು. ಮಿಲ್ಲಿನ ಹೆಂಗಸರಿಗೆ ಅವಳ ಹಾಡಿಲ್ಲದೆ ಹೊತ್ತು ಹೋಗುತ್ತಿರಲಿಲ್ಲ.

ಆಗಿನ ಟಿವಿಯ ಕಥೆ ಈಗಿನವರಿಗೆ ಹೇಳಿದರೆ ನಗುತ್ತಾರೆ. ರಾಯಚೂರಿನ ಹೊರಗೆ ಎತ್ತರದ ಕಂಬ ನಿಂತಾಗ ಊರಿಗೆ ಊರೇ ನೋಡಲು ಹೋಗಿತ್ತು. ಆದರೆ ಮೊದಮೊದಲು ನಮ್ಮ ಕೇಂದ್ರಕ್ಕೆ ಸ್ವಂತ ಬಾಯಿ ಇರಲಿಲ್ಲ. ದಿಲ್ಲಿಯಿಂದ ಬಂದದ್ದನ್ನು, ಬೆಂಗಳೂರಿನಿಂದ ಬಂದದ್ದನ್ನು ಹಿಡಿದು ಹಂಚುವುದಷ್ಟೇ ಅದರ ಕೆಲಸ. ನಮಗೆ ತಿಳಿಯದ ಹಿಂದಿ, ಇಲ್ಲವೇ ನಮ್ಮ ಮನೆಗಳಲ್ಲಿ ಯಾರೂ ಆಡದ ಕನ್ನಡ. ಶಕ್ತಿನಗರದಲ್ಲಿ ಕರೆಂಟು ತಯಾರಾಗುವ ಹೊಗೆ ನಮ್ಮ ಜಿಲ್ಲೆಯ ಆಕಾಶಕ್ಕೆ ಏರುತ್ತಿತ್ತು, ಸಂಜೆ ಟಿವಿ ಹಚ್ಚುವ ಹೊತ್ತಿಗೆ ಸರಿಯಾಗಿ ನಮ್ಮ ಕರೆಂಟೇ ಹೋಗುತ್ತಿತ್ತು. ಆಮೇಲೆ ಕೇಂದ್ರಕ್ಕೊಂದು ಸಣ್ಣ ಸ್ಟುಡಿಯೋ ಬಂತು, ಒಂದು ಬಿಳಿ ವ್ಯಾನು ಬಂತು. ರೈತರ ಮಾತು, ಹಳ್ಳಿ ಹಾಡು ಅಂತ ವಾರಕ್ಕೊಂದು ಸಂಜೆ ನಮ್ಮ ಕಡೆಯವರ ಮುಖಗಳೂ ಕಾಣತೊಡಗಿದವು. ನಮ್ಮ ಮಾತು ಆ ಪೆಟ್ಟಿಗೆಯೊಳಗಿಂದ ಬಂದ ಮೊದಲ ದಿನ ಕೇರಿಯ ಮುದುಕರು ಗಾಬರಿಯಾಗಿ ಎದ್ದು ನಿಂತದ್ದು ನನಗೆ ನೆನಪಿದೆ.

ಬೀದಿಗೆಲ್ಲ ಟಿವಿ ಇದ್ದದ್ದು ಸಾವ್ಕಾರರ ಮನೆಯಲ್ಲಿ ಮಾತ್ರ. ಅವರು ಅದನ್ನು ಕಿಟಕಿಯ ಕಡೆ ಮುಖ ಮಾಡಿ ಇಟ್ಟಿದ್ದರು. ಮನೆಯವರು ಒಳಗೆ ಉಯ್ಯಾಲೆಯಲ್ಲಿ, ನಾವು ಹೊರಗೆ ಅಂಗಳದಲ್ಲಿ ನಿಂತು ಕಿಟಕಿಯ ಸರಳುಗಳ ನಡುವೆ ನೋಡಬೇಕು. ಹೊಸ್ತಿಲು ತುಳಿಯುವಂತಿಲ್ಲ, ಅಂಗಳದಲ್ಲಿ ಕೂಡುವಂತೆಯೂ ಇಲ್ಲ. ಇದನ್ನೇ ಊರು ಸಾವ್ಕಾರರ ದೊಡ್ಡ ಗುಣ ಅಂತ ಹೊಗಳುತ್ತಿತ್ತು.

ಒಂದು ಬೆಳಿಗ್ಗೆ ಆ ಬಿಳಿ ವ್ಯಾನು ನಮ್ಮ ಕೇರಿಗೇ ಬಂತು. ಯಾರೋ ಅವ್ವನ ಹಾಡಿನ ಸುದ್ದಿ ಹೇಳಿದ್ದರಂತೆ. ಬೇವಿನ ಮರದ ಕೆಳಗೆ ಅವಳನ್ನು ಕೂರಿಸಿ, ಕೈಗೆ ಮೊರ ಕೊಟ್ಟು, ಹಾಡಿಸಿದರು. ಅವ್ವ ಮದುವೆಯ ಇಳಕಲ್ ಸೀರೆ ಉಟ್ಟಿದ್ದಳು. ಮುಗಿದ ಮೇಲೆ ಕಾರ್ಯಕ್ರಮದ ಸಾಹೇಬರು, "ಬರೋ ವಾರ ಸಂಜೆ ಬರ್ತೈತ್ರಿ ಯವ್ವಾ, ಎಲ್ಲಾರಿಗೂ ಹೇಳ್ರಿ," ಅಂದರು. ವ್ಯಾನು ಅಲ್ಲಿಂದ ತಿರುಗಿ ಸಾವ್ಕಾರರ ಮನೆಯ ಕಡೆ ಹೋಯಿತು. ಅಲ್ಲಿ ಸಾಹೇಬರಿಗೆ ಹೋಳಿಗೆ ಊಟ.

ಎಲ್ಲರಿಗೂ ಹೇಳಿ ಅಂದರಲ್ಲ, ಅವ್ವ ಹೇಳಿಯೇ ಹೇಳಿದಳು. ಅವಳ ತವರು ದೇವದುರ್ಗ. ಬಸ್ಸಿನ ಕಂಡಕ್ಟರನ ಕೈಯಲ್ಲಿ ಅಣ್ಣನಿಗೆ ಸುದ್ದಿ ಕಳಿಸಿದಳು. ಅಲ್ಲಿ ಪಂಚಾಯತಿಯ ಟಿವಿ ಇತ್ತು, ಬೀಗ ಹಾಕಿದ ಮರದ ಪೆಟ್ಟಿಗೆಯಲ್ಲಿ. ನನ್ನ ಸೋದರತ್ತೆ, ಅಂದರೆ ಅವ್ವನ ಅಣ್ಣನ ಹೆಂಡತಿ, ಪಂಚಾಯತಿಯ ಸಿಪಾಯಿಯ ಕೈಕಾಲು ಹಿಡಿದು ಆ ಪೆಟ್ಟಿಗೆ ತೆಗೆಸಿ, ಓಣಿಯ ಜನರನ್ನೆಲ್ಲ ಕರೆದುಕೊಂಡು ಹೋಗಿ ಮುಂದೆಯೇ ಕೂತಿದ್ದಳಂತೆ.

ಮಾನ್ವಿಯಲ್ಲಿ ನಾವು ಅಂಗಳದಲ್ಲಿ ನಿಂತಿದ್ದೆವು. ಅವ್ವ ಅದೇ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ನನ್ನ ಹೆಗಲ ಮೇಲೆ ಕೈ ಇಟ್ಟು ನಿಂತಿದ್ದಳು. ಆವತ್ತು ಕರೆಂಟೂ ಹೋಗಲಿಲ್ಲ. ಕಾರ್ಯಕ್ರಮ ಶುರುವಾಯಿತು. ಪರದೆಯ ಮೇಲೆ ಬಂದದ್ದು ಸಾವ್ಕಾರರ ಮುಖ. ಗದ್ದೆಯ ಬದುವಿನ ಮೇಲೆ ನಿಂತು ಹೊಸ ತಳಿಯ ಭತ್ತದ ಬಗ್ಗೆ ಭಾಷಣ. ಇವರದು ಮುಗಿದ ಮೇಲೆ ನಂದು ಬರ್ತದ ಅಂತ ಅವ್ವ ಪಿಸುಗುಟ್ಟಿದಳು. ಭಾಷಣ ಮುಗಿಯಿತು, ವಾರ್ತೆ ಶುರುವಾಯಿತು. ಅವಳ ಕೈ ನನ್ನ ಹೆಗಲ ಮೇಲೆ ಭಾರವಾಗುತ್ತ ಹೋಯಿತು.

ಒಳಗೆ ಉಯ್ಯಾಲೆಯಿಂದ ಸಾವ್ಕಾರರು ಕತ್ತು ತಿರುಗಿಸಿ ಕೇಳಿದರು. "ಹೆಂಗ್ ಬಂತಲೇ?"

"ಛಲೋ ಬಂತ್ರಿ ಯಪ್ಪಾ," ಅಂತು ಅಂಗಳ. ಅವ್ವನೂ ಅಂದಳು. ಮರುದಿನ ಅದೇ ಮಿಲ್ಲಿಗೆ ಹೋಗಬೇಕಿತ್ತಲ್ಲ, ಅನ್ನದೆ ಏನು ಮಾಡಿಯಾಳು. ಆ "ಛಲೋ ಬಂತ್ರಿ" ನನ್ನ ಹೊಟ್ಟೆಯೊಳಗೆ ಹಾಗೇ ಕೂತುಬಿಟ್ಟಿತು.

ದೇವದುರ್ಗದಲ್ಲಿ ಸೋದರತ್ತೆಗೆ ಓಣಿಯ ಮುಂದೆ ಮುಖಭಂಗವಾಗಿತ್ತು. ಆ ಸಿಟ್ಟನ್ನು ಅವಳು ಅವ್ವನ ಮೇಲೆ ತೀರಿಸಿಕೊಂಡಳು. ಅವ್ವನಿಗೆ ಟಿವಿಯವ್ವ ಅಂತ ಹೆಸರಿಟ್ಟಳು. ಮದುವೆಯಿರಲಿ, ತೊಟ್ಟಿಲಿರಲಿ, ಅವ್ವ ಬಾಗಿಲಿಗೆ ಬಂದರೆ ಸಾಕು, "ಜಾಗಾ ಬಿಡ್ರಿ, ಟಿವಿಯವ್ವ ಬಂದಾಳ. ಸುಳ್ಳಿನ ಹಾಡು ಹಾಡ್ತಾಳ!" ಅನ್ನುತ್ತಿದ್ದಳು. ಜನ ಬಿದ್ದು ಬಿದ್ದು ನಗುತ್ತಿದ್ದರು. ನಾನು ದೇವದುರ್ಗದ ಹಾಸ್ಟೆಲಿನಲ್ಲಿ ಓದುವಾಗ ಆ ಹೆಸರು ಅಲ್ಲಿಗೂ ಬಂತು, ನಾನು ಟಿವಿಯವ್ವನ ಮಗಳಾದೆ. ಒಬ್ಬಳ ಜಡೆ ಹಿಡಿದು ಗೋಡೆಗೆ ಗುದ್ದಿಸಿದ್ದೇನೆ. ಅದಕ್ಕೆ ನನಗೆ ಈಗಲೂ ಬೇಸರವಿಲ್ಲ.

ಅವ್ವ ಹಾಡುವುದನ್ನು ಬಿಟ್ಟಳು. ಮಿಲ್ಲನ್ನೂ ಬಿಟ್ಟು ಕವಿತಾಳದ ಕಡೆ ಹತ್ತಿ ಬಿಡಿಸಲು ಹೋಗತೊಡಗಿದಳು. ನನ್ನ ಮದುವೆಯಲ್ಲಿ ಹೆಂಗಸರು ಕಾಡಿ ಬೇಡಿದರೂ ಬಾಯಿ ತೆರೆಯಲಿಲ್ಲ. ಊರಿಗೆ ಊರೇ ಸುಳ್ಳುಗಾತಿ ಅಂದಮೇಲೆ ಹಾಡಿ ಏನು ಮಾಡುವುದು ಅನ್ನುತ್ತಿದ್ದಳು.

ಹೀಗೆ ನಾನು ರಾಯಚೂರಿನ ಕೇಂದ್ರದ ಟೇಪು ಕೋಣೆ ಸೇರಿದೆ. ಬಂದ ವಾರದಲ್ಲೇ ಅಲ್ಲಿನ ಪದ್ಧತಿ ತಿಳಿಯಿತು. ಹೊಸ ಟೇಪುಗಳು ಎಂದೂ ಸಾಕಾಗುತ್ತಿರಲಿಲ್ಲ. ಅದಕ್ಕೆ ಹಳೆಯ ಟೇಪಿನ ಮೇಲೇ ಹೊಸದನ್ನು ತೆಗೆಯುತ್ತಿದ್ದರು. ಒಬ್ಬರ ಹಾಡಿನ ಮೇಲೆ ಇನ್ನೊಬ್ಬರ ಭಾಷಣ, ಅದರ ಮೇಲೆ ಮತ್ತೊಬ್ಬರ ನಾಟಕ. ಕಪಾಟಿನಲ್ಲಿ ಎಲ್ಲ ಹುಡುಕಿದೆ, ಅವ್ವನ ಟೇಪು ಇರಲಿಲ್ಲ. ಆವತ್ತು ವ್ಯಾನಿನಲ್ಲಿ ಬಂದಿದ್ದ ಕ್ಯಾಮೆರಾದವರು ಇನ್ನೂ ಕೆಲಸದಲ್ಲಿದ್ದರು. ಹತ್ತು ಸಲ ಕೇಳಿದರೂ ನೆನಪಿಲ್ಲ ಅಂದರು. ನಿವೃತ್ತಿಯಾದ ದಿನ, ಹಾರ ಹಾಕಿಸಿಕೊಂಡ ಮೇಲೆ, ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುತ್ತ ತಾವಾಗಿಯೇ ಬಾಯಿ ಬಿಟ್ಟರು.

"ಸಾವ್ಕಾರ್ರ ಭಾಷಣಕ್ಕ ಟೇಪು ಇರಲಿಲ್ಲವ್ವಾ. ವ್ಯಾನಿನಾಗ ಉಳಿದಿದ್ದು ನಿಮ್ಮವ್ವಂದೊಂದೇ. ನಾನು ಬ್ಯಾಡ್ರಿ ಅಂದೆ. ಸಾವ್ಕಾರ್ರು ನಕ್ಕರು. ಅದರ ಮ್ಯಾಲೇ ತೆಗೀರಿ, ಆಕಿ ಹಾಡು ನಾವು ದಿನಾ ಮಿಲ್ಲಿನಾಗ ಪುಕ್ಕಟೆ ಕೇಳ್ತೀವಿ, ಟಿವಿಯಾಗ ಬ್ಯಾರೆ ಯಾಕ ಬೇಕು ಅಂದ್ರು. ಹೋಳಿಗಿ ಉಂಡಿದ್ವಿ. ನಮ್ಮ ಸಾಹೇಬ್ರು ಹ್ಞೂಂ ಅಂದ್ರು."

ನಾನು ಲೋಟ ಕೆಳಗಿಟ್ಟೆ. ಗೊತ್ತಿಲ್ಲದೆ ಅಳಿಸಿದ್ದರೆ ಅದೊಂದು ಮಾತು. ಯಾರದೆಂದು ಕೇಳಿ ತಿಳಿದು, ನಕ್ಕು ಅಳಿಸಿದ್ದರು. ಸಾಲದ್ದಕ್ಕೆ ವಾರ ಬಿಟ್ಟು ಅವಳನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು ಹೆಂಗ್ ಬಂತು ಅಂತ ಕೇಳಿದ್ದರು.

ಸಾವ್ಕಾರರ ಭಾಷಣದ ಟೇಪು ನನ್ನ ಕೋಣೆಯಲ್ಲೇ ಇತ್ತು, ದೊಡ್ಡವರದೆಂದು ಅದರ ಮೇಲೆ ಯಾರೂ ಬೇರೇನೂ ತೆಗೆದಿರಲಿಲ್ಲ. ಅದನ್ನು ಸುಟ್ಟುಬಿಡಲೇ ಅಂತ ಎಷ್ಟೋ ಸಲ ಕೈಗೆತ್ತಿಕೊಂಡಿದ್ದೇನೆ. ಆ ಮುಖ ನೋಡಲು ಇಷ್ಟವಿಲ್ಲದೆ ಒಮ್ಮೆಯೂ ಹಾಕಿ ನೋಡಿರಲಿಲ್ಲ. ಕಪಾಟಿನ ಹಿಂದಿನ ಸಾಲಿಗೆ ನೂಕಿ ಇಟ್ಟಿದ್ದೆ.

ಕಾಲ ಬದಲಾಯಿತು. ಮನೆಮನೆಗೆ ಡಿಶ್ ಬಂತು, ಕೈಕೈಗೆ ಮೊಬೈಲು ಬಂತು. ನಮ್ಮ ಕಂಬದಿಂದ ಬರುವ ಪ್ರಸಾರವನ್ನು ಹಿಡಿಯುವ ಆಂಟೆನಾಗಳು ಚಂದ್ರಬಂಡದಂಥ ಹಳ್ಳಿಗಳಲ್ಲೂ ಕಾಣೆಯಾದವು. ಕೊನೆಗೆ ಕಂಬವನ್ನೂ ಬಂದ್ ಮಾಡಿದರು. ಅದು ಈಗಲೂ ನಿಂತಿದೆ, ಮೇಲೆ ಹದ್ದುಗಳು ಕೂಡುತ್ತವೆ. ಉಳಿದ ಒಂದೇ ದೊಡ್ಡ ಕೆಲಸ ಅಂದರೆ ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಏರಿಸುವುದು. ಅದು ನನ್ನ ಪಾಲಿಗೆ ಬಂತು.

ಆಗ ಬಂದರು ಸಾವ್ಕಾರರ ಮಗ. ತಂದೆಗೆ ವಯಸ್ಸಾಗಿದೆ, ಮಾನ್ವಿಯ ಕಲ್ಯಾಣಮಂಟಪದಲ್ಲಿ ದೊಡ್ಡ ಸನ್ಮಾನ, ಅಲ್ಲಿ ದೊಡ್ಡ ಪರದೆಯ ಮೇಲೆ ಆ ಹಳೆಯ ಭಾಷಣ ತೋರಿಸಬೇಕು. ಮೇಲಿನ ಸಾಹೇಬರ ಒಪ್ಪಿಗೆ ತಂದಿದ್ದರು. ನಾನು ಯಾರ ಮಗಳು ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಅಂಗಳದಲ್ಲಿ ನಿಂತವರ ಮುಖಗಳನ್ನು ಒಳಗಿದ್ದವರು ಯಾವತ್ತು ನೋಡಿದ್ದರು?

"ಪೂರ್ತಿ ಬೇಕ್ರಿ ಮೇಡಂ," ಅಂದರು. "ಒಂಚೂರೂ ಕತ್ತರಿಸಬ್ಯಾಡ್ರಿ. ಅಪ್ಪಾರದು ಒಂದ್ ಅಕ್ಷರನೂ ಹೋಗಬಾರದು."

ಟೇಪಿಗೆ ಹಿಡಿದಿದ್ದ ಬೂಷ್ಟು ಒರೆಸಿ, ಯಂತ್ರಕ್ಕೆ ಹಾಕಿ, ಹಲ್ಲು ಕಚ್ಚಿ ಕೂತೆ. ಅದೇ ಗದ್ದೆ, ಅದೇ ಬದು, ಅದೇ ಮುಖ. ಭಾಷಣ ಮುಗಿಯಿತು. ಪರದೆಯ ಮೇಲೆ ಬೂದು ಚುಕ್ಕೆಗಳು ಎದ್ದವು. ನಿಲ್ಲಿಸಲು ಕೈ ಚಾಚಿದೆ. ಚುಕ್ಕೆಗಳು ಸರಿದವು, ಬೇವಿನ ಮರ ಕಂಡಿತು, ಮರದ ಕೆಳಗೆ ನಮ್ಮವ್ವ.

ನಾನು ಎಷ್ಟು ದಡ್ಡಿ! ಅದೇ ಕೋಣೆಯಲ್ಲಿ ಕೂದಲು ಬೆಳ್ಳಗಾಗಿಸಿಕೊಂಡರೂ ಹೊಳೆದಿರಲಿಲ್ಲ. ಸಾವ್ಕಾರರ ಭಾಷಣ ಅವ್ವನ ಹಾಡಿಗಿಂತ ಚಿಕ್ಕದಿತ್ತು. ಭಾಷಣ ಎಲ್ಲಿಗೆ ಮುಗಿಯಿತೋ ಅಲ್ಲಿಯವರೆಗೆ ಮಾತ್ರ ಹಾಡು ಅಳಿಸಿತ್ತು. ಉಳಿದದ್ದು ಹಾಗೇ ಇತ್ತು. ಟಿವಿಗೆ ಬಿಡುವಾಗ ಭಾಷಣ ಮುಗಿದ ತಕ್ಷಣ ನಿಲ್ಲಿಸಿದ್ದರಿಂದ ಅದನ್ನು ಯಾರೂ ನೋಡಿರಲಿಲ್ಲ.

ಈಗಿನ ನನ್ನ ಮಗಳಿಗಿಂತ ಚಿಕ್ಕವಳು ಅವ್ವ. ಮೊರ ಅಲುಗುತ್ತಿದೆ, ಬಳೆ ಸದ್ದಾಗುತ್ತಿದೆ, ಆ ದನಿ ಕೋಣೆ ತುಂಬುತ್ತಿದೆ. ನಮ್ಮ ಕೇರಿಯ ಹೆಂಗಸರು ಯಾವ ಹಾಡೇ ಇರಲಿ, ಕೊನೆಯ ನುಡಿಯಲ್ಲಿ ತವರಿನ ಹೆಸರು ಹಿಡಿದು ಹರಸಿ ಮುಗಿಸುತ್ತಾರೆ. ಉಳಿದದ್ದು ಆ ಕೊನೆಯ ನುಡಿಯೇ. ದೇವದುರ್ಗ ತಣ್ಣಗಿರಲಿ, ಅಣ್ಣನ ಮನೆಯ ದೀಪ ಆರದಿರಲಿ, ಅತ್ತಿಗೆಯ ಕೈಯ ಬಳೆ ತುಂಬಿರಲಿ ಅಂತ ಹಾಡಿ ಅವ್ವ ಕ್ಯಾಮೆರಾ ನೋಡಿ ನಾಚಿ ನಕ್ಕಳು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ಅತ್ತದ್ದು ಸಾಕು ಅನ್ನಿಸಿದಾಗ ಸಾವ್ಕಾರರ ಮಗನ ಮಾತು ನೆನಪಾಯಿತು. ಒಂಚೂರೂ ಕತ್ತರಿಸಬ್ಯಾಡ್ರಿ.

ಕತ್ತರಿಸಲಿಲ್ಲ. ಅವ್ವನಿಗೂ ಹೇಳಲಿಲ್ಲ. ಮೊದಲು ಅವರು ನೋಡಲಿ.

ಸನ್ಮಾನದ ದಿನ ನಾನು ಮಾನ್ವಿಗೆ ಹೋಗಿ ಮಂಟಪದ ಹಿಂದಿನ ಗೋಡೆಗೆ ಒರಗಿ ನಿಂತೆ. ಮುಂದೆ ಸೋಫಾದಲ್ಲಿ ಹಾರ, ಪೇಟ ಹಾಕಿಕೊಂಡ ಸಾವ್ಕಾರರು. ಅವರ ಹಿಂದೆ ಊರಿನ ದೊಡ್ಡವರು, ಕೊನೆಯ ಸಾಲುಗಳಲ್ಲಿ ಮಿಲ್ಲಿನ ಹಳೆಯ ಹೊಸ ಆಳುಗಳು. ಭಾಷಣ ಬಂತು, ಮಂದಿ ಚಪ್ಪಾಳೆ ತಟ್ಟಿದರು. ಚುಕ್ಕೆಗಳು ಬಂದವು. ಅಷ್ಟು ದೊಡ್ಡ ಪರದೆಯ ತುಂಬ ನಮ್ಮವ್ವ ಬಂದಳು.

ಕಾರ್ಯಕ್ರಮದ ಭಾಗವೇ ಇರಬೇಕು ಅಂದುಕೊಂಡು ಯಾರೂ ನಿಲ್ಲಿಸಲಿಲ್ಲ. ಸಾವ್ಕಾರರು ಕಣ್ಣು ಕಿರಿದು ಮಾಡಿ, "ಯಾರಲೇ ಆಕಿ?" ಅಂದರು. ಕೊನೆಯ ಸಾಲಿನಿಂದ ಒಬ್ಬ ಮುದುಕಿ ಎದ್ದು ನಿಂತಳು. ಅವ್ವನ ಜೊತೆ ಕೇರುತ್ತಿದ್ದವಳು. "ನಿಮ್ಮ ಮಿಲ್ಲಿನಾಗ ಅಕ್ಕಿ ಕೇರಾಕಿರಿ ಸಾವ್ಕಾರ್ರ! ಆವತ್ತು ಟಿವಿಯಾಗ ಬರ್ಲಿಲ್ಲಲ್ಲ, ಆಕಿರಿ!" ಹಿಂದಿನ ಸಾಲುಗಳು ಎದ್ದು ನಿಂತವು. ಶಿಳ್ಳೆ ಬಿತ್ತು. ಸಾವ್ಕಾರರ ಮುಖದಿಂದ ರಕ್ತ ಇಳಿದುಹೋದದ್ದು ನಾನು ಕಣ್ಣಾರೆ ಕಂಡೆ. ನೆನಪು ಚೆನ್ನಾಗಿಯೇ ಇತ್ತು ಮುದುಕನಿಗೆ. "ಬಂದ್ ಮಾಡಲೇ," ಅಂತ ಮಗನಿಗೆ ಅಂದರು. ಆ ಗದ್ದಲದಲ್ಲಿ ಮಗನಿಗೆ ಕೇಳಿಸಲಿಲ್ಲ.

ನಾನು ಮುಂದೆ ಹೋಗಿ ಅವರ ಎದುರಿಗೆ ನಿಂತೆ. ಬಗ್ಗಲಿಲ್ಲ.

"ನಮ್ಮವ್ವ ರೀ," ಅಂದೆ. "ಈಕಿ ಹಾಡು ನೀವು ದಿನಾ ಪುಕ್ಕಟೆ ಕೇಳ್ತಿದ್ರಂತ. ಇವತ್ತೂ ಪುಕ್ಕಟೇರಿ. ಹೆಂಗ್ ಬಂತ್ರಿ?"

ಅವರು ಮಗನ ಕಡೆ ನೋಡಿದರು. ವಯಸ್ಸಾದವರು, ಪಾಪ ಅನ್ನಿಸಬೇಕಿತ್ತೇನೋ. ಅನ್ನಿಸಲಿಲ್ಲ. ಉತ್ತರ ಬರುವವರೆಗೆ ನಾನು ಅಲ್ಲಿಂದ ಕದಲಲಿಲ್ಲ. ಕೊನೆಗೆ ನೆಲ ನೋಡುತ್ತ, "ಛಲೋ ಬಂತವಾ," ಅಂದರು.

ಮರುದಿನ ಬೆಳಿಗ್ಗೆ ರಾಯಚೂರಿನ ನನ್ನ ಮನೆಯಲ್ಲಿ ಅವ್ವ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ಆ ಹಾಡು ಹಾಕಿ ಮೊಬೈಲು ಅವಳ ಮುಂದೆ ಹಿಡಿದೆ. ನೋಡಿದಳು. ಇನ್ನೊಮ್ಮೆ ಹಾಕು ಅಂದಳು, ಹಾಕಿದೆ. ಮಂಟಪದ ಕಥೆಯನ್ನೆಲ್ಲ ಒಂದೂ ಬಿಡದೆ ಹೇಳಿದೆ. ಅಳುತ್ತಾಳೆ, ಇಲ್ಲವೇ ನನ್ನನ್ನು ಬೈಯುತ್ತಾಳೆ ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಕೈ ತೊಳೆದುಕೊಂಡು ಒಳಗೆ ಹೋದಳು. ಟ್ರಂಕು ತೆಗೆದ ಸದ್ದಾಯಿತು. ಹೊರಗೆ ಬಂದಾಗ ಆ ಇಳಕಲ್ ಸೀರೆ ಉಟ್ಟಿದ್ದಳು, ಮಡಿಕೆಗಳಲ್ಲಿ ಹರಿದಿತ್ತು.

"ಎಲ್ಲಿಗಿ ಯವ್ವಾ?" ಅಂದೆ.

"ದೇವದುರ್ಗಕ್ಕ. ನಮ್ಮತ್ತಿಗಿ ಇನ್ನಾ ಗಟ್ಟಿ ಅದಾಳ, ಕಿವೀನೂ ಛಲೋ ಕೇಳ್ತಾವಂತ," ಅಂದಳು. "ನಡಿ, ಬಸ್ ಹೋಗ್ತದ. ಆಕಿಗಿ ಹರಸಿದ್ದು ಆಕೀನೇ ಕೇಳಲಿ. ಓಣ್ಯಾಗ ಎಲ್ಲಾರ ಮುಂದ ಕೇಳಲಿ."