ಮರಳಿನಲ್ಲಿಟ್ಟ ಗಡ್ಡೆಗಳು

ಎಂಡೆಲ್ ತೋಟದ ಕಡೆ ತಲೆ ಹಾಕಿಯೂ ಮಲಗಿದವನಲ್ಲ. ಕಡಲು, ದೋಣಿ, ಬಲೆ, ಅಲ್ಲಿಗೆ ಮುಗಿಯಿತು ಅವನ ಲೋಕ. ನಮ್ಮ ಸಾರೆಮಾ ದ್ವೀಪದ ಗಂಡಸರಿಗೆ ಸೊಪ್ಪು ಯಾವುದು, ಕಳೆ ಯಾವುದು ಎಂದು ಕೇಳಿ ನೋಡಿ, ಎರಡನ್ನೂ ಕಿತ್ತು ಕೈಗೆ ಕೊಡುತ್ತಾರೆ. ಇಷ್ಟು ವರ್ಷ ಎಂಡೆಲ್‌ನ ಪಕ್ಕದ ಮನೆಯಲ್ಲಿ ಬಾಳಿದ ಸಲ್ಮೆ ನಾನು ಹೇಳುತ್ತಿದ್ದೇನೆ, ನಂಬಿ.

ತೋಟವೆಲ್ಲ ಅವನ ಹೆಂಡತಿ ಲೀಡಾಳದು. ಈ ಸಲ ಎಲೆ ಉದುರುವ ಹೊತ್ತಿಗೆ ಅವಳಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ಉಳಿದದ್ದು 'ಹೂಂ' ಒಂದೇ. ಬೇಕಾದರೂ ಹೂಂ, ಬೇಡವಾದರೂ ಹೂಂ. ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕು. ದೇವರು ಕಿತ್ತುಕೊಳ್ಳುವುದಾದರೆ ಪೂರ್ತಿ ಕಿತ್ತುಕೊಳ್ಳಬಾರದೇ ಎಂದು ನನಗೆ ಸಿಟ್ಟು.

ಚಳಿಗಾಲ ಕಾಯುತ್ತದೆಯೇ? ಎಂಡೆಲ್ ಅವಳನ್ನು ಕಂಬಳಿಯಲ್ಲಿ ಸುತ್ತಿ ಜಗಲಿಯ ಕುರ್ಚಿಯಲ್ಲಿ ಕೂರಿಸಿ, ಪ್ರತಿಯೊಂದನ್ನೂ ಕೇಳಿ ಕೇಳಿ ಮಾಡತೊಡಗಿದ. ಬೆಳ್ಳುಳ್ಳಿ ಊರಿದ ಪಾತಿಗೆ ಕಡಲಪಾಚಿ ಹೊತ್ತು ತಂದು ಹಾಸಿದ. ಗುಲಾಬಿಗೆ ಸ್ಪ್ರೂಸ್ ಮರದ ಕೊಂಬೆ ಹೊದಿಸಿದ. ಆಮೇಲೆ ರಾಸ್ಪ್‌ಬೆರಿಯ ಹಸಿ ಕಡ್ಡಿಗಳಿಗೆ ಕತ್ತರಿ ಹಾಕಿದ. ನಾನು ಬೇಲಿಯಿಂದಲೇ ಕೂಗಿಕೊಂಡೆ.

"ಅಯ್ಯೋ ಮಾರಾಯ, ಅದು ಬರೋ ವರ್ಷ ಹಣ್ಣು ಬಿಡೋದು ಕಣೋ! ಒಣಗಿದ್ದನ್ನ ಕತ್ತರಿಸು!"

"ಅವಳೇ ಹೂಂ ಅಂದ್ಲಲ್ಲೇ."

"ಅವಳು ಎಲ್ಲದಕ್ಕೂ ಹೂಂ ಅಂತಾಳೆ. ಮದುವೆ ಆಗ್ತೀಯಾ ಅಂತ ನೀನು ಕೇಳಿದಾಗ್ಲೂ ಹಾಗೇ ಅಂದು ಕೆಟ್ಲು!"

ಅವನು ನಕ್ಕ. ಲೀಡಾಳ ಎಡತುಟಿಯೂ ಅಲುಗಿತು.

ನವೆಂಬರಿನ ಮಾರ್ಟಿನ್ ಹಬ್ಬದ ಬೆಳಿಗ್ಗೆ ನಾನು ಹೋದಾಗ ಅವಳು ಎಡಗೈಯಿಂದ ಕುರ್ಚಿಯನ್ನು ಗುದ್ದುತ್ತಿದ್ದಳು. ಕಣ್ಣು ನೆಲಮಾಳಿಗೆಯ ಬಾಗಿಲ ಮೇಲೆ. ಇಷ್ಟು ದಿನ ಅವರಿಗೆ ಊಟ ನನ್ನ ಮನೆಯಿಂದಲೇ ಹೋಗುತ್ತಿತ್ತು, ಅಂದು ಎಂಡೆಲ್ ತಾನೇ ಒಳಗೆ ಅಡುಗೆಗೆ ನಿಂತಿದ್ದ.

"ಚಳಿನಾ? ನೀರು ಬೇಕಾ? ಮಲಗ್ತೀಯಾ?" ಎಂದು ಒಂದೊಂದಾಗಿ ಕೇಳಿದೆ.

ಎಲ್ಲದಕ್ಕೂ ಹೂಂ. ಗುದ್ದು ಮಾತ್ರ ನಿಲ್ಲಲಿಲ್ಲ.

"ನೆಲಮಾಳಿಗೇಲಿ ಏನಿದ್ಯೇ? ಬೀಜದ ಗಡ್ಡೆನಾ?"

ಕೈ ನಿಂತಿತು. ನನ್ನ ಸ್ವೆಟರನ್ನು ಬಾಚಿ ಹಿಡಿದಳು.

ಅವಳ ತಾಯಿ ಮದುವೆಯಲ್ಲಿ ಬೀಜ ಕೊಟ್ಟು ಕಳಿಸಿದ ಹಳದಿ ಟರ್ನಿಪ್ ಗಡ್ಡೆಯ ತಳಿ ಅದು. ನಾವೆಲ್ಲ ಎಂದೋ ಅಂಗಡಿಯ ಬೀಜದ ಪೊಟ್ಟಣಕ್ಕೆ ಬಿದ್ದೆವು, ಅವಳು ಬಿಡಲಿಲ್ಲ. ಟರ್ನಿಪ್ ಬೆಳೆದ ವರ್ಷವೇ ಬೀಜ ಕೊಡುವುದಿಲ್ಲ. ಚೆನ್ನಾಗಿರುವ ಗಡ್ಡೆಗಳನ್ನು ಆರಿಸಿ, ಚಿಗುರೊಡೆಯುವ ತಲೆ ಕತ್ತರಿಸದೆ, ಚಳಿಗಾಲವಿಡೀ ಮರಳಿನಲ್ಲಿ ಹೂತಿಟ್ಟು, ವಸಂತದಲ್ಲಿ ಮತ್ತೆ ನೆಡಬೇಕು. ಆಮೇಲೆ ಹೂವು, ಬೀಜ. ಹೋದ ಬೇಸಿಗೆಯಲ್ಲಿ ಹೂವನ್ನೆಲ್ಲ ಮೇಕೆ ಮೇಯ್ದುಬಿಟ್ಟಿತ್ತು. ಹಳೆಯ ಬೀಜ ಈ ವರ್ಷದ ಬಿತ್ತನೆಗೇ ತೀರಿತ್ತು. ಇನ್ನು ಉಳಿದಿದ್ದರೆ ಆ ಮರಳಿನಲ್ಲಿ.

"ಅಷ್ಟೇನಾ? ಹೆದರ್ಬೇಡ್ವೇ, ವಸಂತ ಬರ್ಲಿ, ನಾನೇ ನೆಡ್ತೀನಿ," ಎಂದೆ. ಸಮಾಧಾನವಾಗುವ ಬದಲು ಅವಳ ಕಣ್ಣಿಂದ ನೀರು ಸುರಿಯಿತು.

ಆಗಲೇ ಎಂಡೆಲ್ ಬಟ್ಟಲು ಹಿಡಿದು ಬಂದ. ಬಿಸಿ ಸೂಪು. ಬೆರಳಿಗೆ ಸುಟ್ಟ ಗಾಯ. ಹುಟ್ಟಿದಾಗಿನಿಂದ ಒಲೆ ಮುಟ್ಟದವನ ಮುಖದಲ್ಲಿ ಎಂಥ ಹಿಗ್ಗು!

"ನೋಡೇ ಸಲ್ಮೆ, ಒಳ್ಳೊಳ್ಳೇ ಗಡ್ಡೇನೆಲ್ಲ ಮರಳಲ್ಲಿ ಬಚ್ಚಿಟ್ಟಿದ್ಲು ಕಳ್ಳಿ! ಬಂದೋರಿಗೆ ಅಂತಲೋ ಏನೋ. ಕಾಯಿಲೆಯವಳಿಗಿಂತ ಹೆಚ್ಚಿನೋರು ಯಾರು ಅಂತ ಅಷ್ಟನ್ನೂ ಬೇಯಿಸ್ದೆ. ಕೇಳ್ದೆ ಮಾಡ್ಲಿಲ್ಲಪ್ಪ, ಹೂಂ ಅಂದ್ಲು."

"ತಲೆ? ಗಡ್ಡೆ ತಲೆಗಳೆಲ್ಲಿ?"

"ಗೂಡಿನ ಮೊಲಗಳಿಗೆ ಹಾಕ್ದೆ. ಕ್ಷಣದಲ್ಲಿ ಖಾಲಿ ಮಾಡಿದ್ವು."

"ಅಯ್ಯೋ ನಿನ್ನ..." ಎಂದು ಬಾಯಿ ತೆರೆದೆ. ಲೀಡಾ ನನ್ನ ಮಣಿಕಟ್ಟು ಹಿಡಿದು ಹಿಂಡಿದಳು, ಮೂಳೆ ನೋಯುವಷ್ಟು. ಅವಳ ಕಣ್ಣು ನನ್ನನ್ನು ಬೇಡುತ್ತಿತ್ತು.

ಎಂಡೆಲ್ ಚಮಚಕ್ಕೆ ಉಫ್ ಉಫ್ ಎಂದು ಊದಿದ. ಲೀಡಾ ಬಾಯಿ ತೆರೆದಳು. ನುಂಗಿದಳು. ಮತ್ತೆ ತೆರೆದಳು.

"ಅಳ್ತಾಳೆ ನೋಡು ಪಾಪ," ಎಂದ ಅವನು, ತೋಳಿನಿಂದ ಅವಳ ಕೆನ್ನೆ ಒರೆಸುತ್ತ. "ನನ್ನ ಕೈಯಡುಗೆ ತಿಂದೋಳೇ ಅಲ್ವಲ್ಲ. ತಾಳು, ನಿಂಗೂ ತರ್ತೀನಿ."

ತಂದ. ನಾನೂ ತಿಂದೆ.